ಒಳಮಡಿಕೆ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ದಾಟಲೆಂದು.
ಆ ಹಗ್ಗ ಹಿಡಿದೇ ಬಂದಳು ಎರ್ಮೀನಿಯಾ ಮಾನ್ಸಿಯಾ,
ಎಪ್ಪತ್ತೊಂದು ವರ್ಷ, ದರ್ಜಿ,
ಊರಿನ ಅರ್ಧ ಮದುವಣಗಿತ್ತಿಯರ ಸೊಂಟದ ಸುತ್ತಳತೆ
ಇನ್ನೂ ಬಾಯಿಪಾಠ.

ಅಂಗಿ ತಿರುವುಮುರುವು ತೊಟ್ಟಿದ್ದಳು, ಹೊಲಿಗೆ ಹೊರಗೆ.
"ಮರೆವಲ್ಲ ಡಾಕ್ಟರೇ," ಅಂದಳು, ನಾನು ನೋಡಿದ್ದನ್ನು ನೋಡಿ.
"ಐವತ್ತು ವರ್ಷ ನನ್ನ ಕೈಯಡಿ ತೆಪ್ಪಗಿದ್ದ ದಾರ
ಈಗ ಕಚ್ಚುತ್ತೆ."

ಎಡಪಕ್ಕೆಯಲ್ಲಿ, ಬೆನ್ನಿನಿಂದ ಎದೆಯ ಕೆಳಗಿನವರೆಗೆ,
ಕೆಂಪು ನೆಲದ ಮೇಲೆ ನೀರುಗುಳ್ಳೆಗಳ ಸಾಲು.
ಎರಡೂ ತುದಿಗೆ ನೀಲಿ ಶಾಯಿಯ ಗೆರೆ.
ಪಕ್ಕದ ಮನೆಯ ರೊಸಾಲ್ಬಾ ಎಳೆದದ್ದಂತೆ, ಪ್ರಾರ್ಥನೆ ಹೇಳಿ:
ಹಾವಿನ ತಲೆ ಬಾಲ ಕೂಡಬಾರದು, ಕೂಡಿದರೆ ಮುಗಿಯಿತು.
ಕೂಡುವುದಿಲ್ಲ ಎಂದೆ. ನರ ಬೆನ್ನುಹುರಿಯಿಂದ ಹೊರಟು
ಎದೆಯ ನಡುಗೆರೆಗೆ ನಿಂತುಬಿಡುತ್ತದೆ, ಅರ್ಧ ಸುತ್ತೇ ಅದರ ಪಾಲು.
"ಹಾಗಾದರೆ ಗೆರೆ ಕೆಲಸ ಮಾಡಿದೆ."
ನಾನು ಅಳಿಸಲಿಲ್ಲ.

ನನ್ನದೂ ಒಂದು ಕಾಗದವಿತ್ತು, ಅದರಲ್ಲೂ ಗೆರೆಗಳು.
ವಯಸ್ಸು: ಹೌದು.
ಗುಳ್ಳೆ ಏಳುವ ಮೊದಲೇ ನೋವು?
ಐದು ದಿನ; ಹೃದಯವೇ ಇರಬೇಕೆಂದು ಹೆದರಿ
ಪಾದ್ರಿಗೆ ಹೇಳಿಕಳಿಸಿದ್ದಳು.
ಗುಳ್ಳೆ: ಐವತ್ತರಾಚೆ ಎಣಿಸುವುದು ಬಿಟ್ಟೆ.
ಹತ್ತಿಯ ಒಂದೆಳೆ ತೆಗೆದು ಗುಳ್ಳೆಯಿಲ್ಲದ ಚರ್ಮಕ್ಕೆ ತಾಕಿಸಿದೆ,
ಉಸಿರಿಗಿಂತ ಹಗುರ.
ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು,
ದಪ್ಪ ಬಟ್ಟೆ ಕತ್ತರಿಸುವಷ್ಟು ಬಿಗಿಯಾಗಿ.
ನೋವು ಹತ್ತಕ್ಕೆ ಎಷ್ಟು?
"ಅಂಕಿ ಬೇಡ. ಅಸ್ತರವಿಲ್ಲದ ಒರಟು ಉಣ್ಣೆ,
ಒದ್ದೆ, ಒಳಗೆ ಗುಂಡುಸೂಜಿ ಮರೆತದ್ದು."
ಎಂಟು ಎಂದು ಬರೆದೆ.

"ಎಷ್ಟು ದಿನ?"
ಕಲಿತ ಮಾತು ಹೇಳಿದೆ. ಗುಳ್ಳೆ ಒಣಗುತ್ತದೆ, ತಿಂಗಳು ಸಾಕು.
ನೋವು ಮಾತ್ರ, ನಿಮ್ಮಂಥ ನೂರು ಮಂದಿಯಲ್ಲಿ
ಮೂವತ್ತು ನಲವತ್ತು ಮಂದಿಗೆ ಉಳಿಯಬಹುದು,
ತಿಂಗಳುಗಟ್ಟಲೆ, ಕೆಲವರಿಗೆ ಅದಕ್ಕೂ ಹೆಚ್ಚು.
ಮಾತ್ರೆ ಇವತ್ತೇ ಶುರು. ಮಿಕ್ಕದ್ದು ಹೇಳಲಾರೆ.

ನಕ್ಕಳು; ನಕ್ಕದ್ದಕ್ಕೆ ನೊಂದು ಅರ್ಧಕ್ಕೆ ನಿಲ್ಲಿಸಿದಳು.
"ಮದುವೆ ಬಟ್ಟೆಗೆ ಎರಡು ಬೆರಳು ಒಳಮಡಿಕೆ ಬಿಡ್ತೇನೆ.
ಹುಡುಗಿ ದಪ್ಪ ಆಗ್ತಾಳೋ, ಬಸುರಿಯೋ, ಅತ್ತು ಸೊರಗ್ತಾಳೋ,
ನಂಗೇನು ಗೊತ್ತು? ಗೊತ್ತಿದ್ದರೆ ಅಳತೆಗೆ ಸರಿಯಾಗಿ ಕತ್ತರಿಸ್ತಿದ್ದೆ.
ನಿಮ್ಮ ಆ ನೂರು ಹೆಂಗಸರನ್ನ ನನ್ನ ಮೇಜಿನ ಹತ್ತಿರ ಕಳಿಸಿ,
ಒಂದೇ ಅಂಗಿ ಇಬ್ಬರಿಗೆ ಕೂತರೆ ಹೇಳಿ."

ನವೆಂಬರಿನ ಗಾಳಿ ಫೆಬ್ರವರಿಗೂ ಬಂತು. ತೊಂಬತ್ತನೆಯ ದಿನ.
ಗುಳ್ಳೆಯಿದ್ದಲ್ಲಿ ಬಿಳಿ ಕಲೆ,
ದಾರ ಬಿಚ್ಚಿದ ಮೇಲೆ ಬಟ್ಟೆಯಲ್ಲಿ ಉಳಿದ ತೂತುಗಳಂತೆ.
ಶಾಯಿ ಎಂದೋ ತೊಳೆದುಹೋಗಿದೆ.
ಅಂಗಿ ಇನ್ನೂ ತಿರುವುಮುರುವು.
ಕಂಬಳಿ ತಾಕದಂತೆ ಸೇಬಿನ ಖಾಲಿ ಪೆಟ್ಟಿಗೆಯೊಂದನ್ನು
ಪಕ್ಕೆಯ ಮೇಲೆ ಕಮಾನು ಮಾಡಿ ಮಲಗುತ್ತಾಳಂತೆ.
ಬೆಕ್ಕಿಗೆ ಅದೇ ಮನೆಯಾಗಿದೆಯಂತೆ, ಓಡಿಸಿದಷ್ಟೂ ಬರುತ್ತದೆ,
ನಡುರಾತ್ರಿ ಅದರ ಬಾಲ ತಾಕಿ ಕೂಗಿಕೊಳ್ಳುತ್ತಾಳಂತೆ.

ಕಾಗದದ ಕೊನೆಯ ಚೌಕದಲ್ಲಿ ಗುರುತು ಹಾಕಬೇಕು:
ಉಳಿಯಿತು.
ನನ್ನ ಊಹೆ ಸರಿಯಾಗಿತ್ತು.
ಪೆನ್ನಿನ ಮುಚ್ಚಳ ಹುಡುಕುತ್ತ ಕೂತೆ, ಅದು ಕೈಯಲ್ಲೇ ಇತ್ತು.

"ಅಳತೆ ತಪ್ಪಲಿಲ್ಲ ನಿಮ್ಮದು," ಅಂದಳು,
ಕಸುಬಿನವಳು ಕಸುಬಿನವನಿಗೆ ಹೇಳುವಂತೆ.
"ಬಿಚ್ಚಿ ಈಗ ಆ ಒಳಮಡಿಕೆ. ಏನು ಇಟ್ಟಿದ್ದೀರಿ?"
ರಾತ್ರಿಗೊಂದು ಮಾತ್ರೆ ಬರೆದೆ, ಸಣ್ಣದು.
ಮುಂದಿನ ತಿಂಗಳು ಬನ್ನಿ ಎಂದೆ, ಅದರ ಮುಂದಿನ ತಿಂಗಳೂ.

ಕಿಟಕಿಯಿಂದ ನೋಡಿದೆ. ಒಂದು ಕೈ ಹಗ್ಗದ ಮೇಲೆ,
ಇನ್ನೊಂದು ಕೈ ಅಂಗಿಯನ್ನು ಪಕ್ಕೆಯಿಂದ ಎರಡು ಬೆರಳು ದೂರ ಹಿಡಿದು
ದಾಟುತ್ತಿದ್ದಳು, ಗಾಳಿಗೆ ದೀಪ ಮರೆಮಾಡಿ ಒಯ್ಯುವವಳ ಹಾಗೆ;
ಆರಿದರೆ ಸಾಕೆಂದು
ದಿನವೂ ಬೇಡಿಕೊಳ್ಳುವ ದೀಪ.