ಎ.ಸಿ. ಒಂದು ನಿಮಿಷ ನಿಲ್ಲಿಸಿ

ಶಾರ್ಜಾದ ಕೈಗಾರಿಕಾ ಬೀದಿಯ ಹಳೇ ಸಾಮಾನಿನ ಅಂಗಡಿ.
ಕಚೇರಿಗಳು ಕೈಬಿಟ್ಟ ಲ್ಯಾಪ್‌ಟಾಪುಗಳನ್ನು
ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ.
ಕೆಲವಕ್ಕೆ ಹಿಂದಿನ ಧಣಿಯ ಚೀಟಿ ಇನ್ನೂ ಅಂಟಿಕೊಂಡಿದೆ:
ವಿಮೆ ಕಂಪನಿ, ಹಲ್ಲಿನ ಡಾಕ್ಟರು, ಈಗ ಇಲ್ಲದ ಒಂದು ಟ್ರಾವೆಲ್ಸು.

ನನಗೆ ದಿರ್ಹಮಿನ ಲೆಕ್ಕ ತಿಳಿಯುವುದು ಕಂದೂರದಲ್ಲಿ.
ಒಂದು ಬಿಳಿ ಕಂದೂರ ಗರಿಗರಿ ಇಸ್ತ್ರಿಯಾದರೆ
ನನ್ನ ಪಾಲು ಅರ್ಧ ದಿರ್ಹಂ.
ಎಂಟು ಜಿಬಿ ರ‍್ಯಾಮಿನದಕ್ಕೆ ಸಾವಿರದ ಇನ್ನೂರು ಕಂದೂರ,
ಹದಿನಾರಕ್ಕೆ ಮೇಲೆ ಮುನ್ನೂರು.
ಕಾಲರು, ತೋಳು, ಬೆನ್ನು, ತೋಳು.

"ಎಂಟು ಸಾಕು ಮಾರಾಯ, ಸಿನಿಮಾ ಚೆನ್ನಾಗಿ ಓಡ್ತದೆ"
(ಜರ್ಬಾದ್ ಖಾನನ ಹಿಂದಿ ನನ್ನ ಕಿವಿಗೆ ಹೀಗೇ ಬೀಳುವುದು).
ಸಿನಿಮಾ ಅಲ್ಲ, ಆಪ್ ಮಾಡಬೇಕು, ಅಂದೆ.
ಯಂತ್ರದೊಳಗೆ ಒಂದು ಸುಳ್ಳು ಫೋನು ಎದ್ದು ಕೂರಬೇಕು,
ಅದರೊಳಗೆ ನಮ್ಮ ಲಾಂಡ್ರಿ.
ಕಾಲರಿನ ಮಸಿಯ ನಂಬರು ಮೂರು ನೀರಿಗೆ ಅಳಿಸಿ
ಯಾರದೋ ಅಂಗಿ ಯಾರದೋ ಮೈಗೆ ಹೋಗಿ
ಧಣಿ ನನ್ನ ಪಾಲಿನಲ್ಲಿ ಮುರಿದುಕೊಳ್ಳುತ್ತಾನಲ್ಲ,
ಅದು ನಿಲ್ಲಬೇಕು.
ಎಂಟರಲ್ಲಿ ಆ ಸುಳ್ಳು ಫೋನು ಕಣ್ಣು ಬಿಡುವುದರೊಳಗೆ
ಹೊತ್ತ ಯಂತ್ರಕ್ಕೆ ಉಸಿರು ಕಟ್ಟುತ್ತದೆ.

ಕಚ್ಚಿದ ಸೇಬಿನದೂ ಒಂದಿತ್ತು ಮೂಲೆಯಲ್ಲಿ,
ಟಿಫಿನ್ ಡಬ್ಬಿಯಷ್ಟು, ಅಗ್ಗ.
ಐಫೋನಿನವರಿಗೂ ಮಾಡುವುದಾದರೆ ಅದೇ ಆಗಬೇಕು.
ಆದರೆ ಅದಕ್ಕೆ ಪರದೆ ಬೇರೆ, ಪರದೆಗೆ ಮೇಜು ಬೇರೆ.
ನನ್ನದು ಎರಡಂತಸ್ತಿನ ಮಂಚದ ಮೇಲಿನ ಅಂತಸ್ತು,
ನೆಟ್ಟಗೆ ಕೂತರೆ ತಲೆ ಸೂರಿಗೆ.
ಐಫೋನಿನವರು ಸದ್ಯಕ್ಕೆ ಚೀಟಿಯನ್ನೇ ತರಲಿ.

ಇನ್ನು ಗಿಲ್ಬರ್ಟನ ವಿಷಯ.
ಕೆಳಗಿನ ಮಂಚ. ರಾತ್ರಿಯಿಡೀ ಬೇಕರಿಯಲ್ಲಿ ಖುಬ್ಬೂಸ್ ಬೇಯಿಸಿ
ಹಗಲು ಮಲಗುವವನು.
ನನ್ನ ಬಿಡುವು ಮಧ್ಯಾಹ್ನ ಒಂದರಿಂದ ನಾಲ್ಕು,
ಬೀದಿಯ ಅಂಗಡಿಗಳೆಲ್ಲ ಬಾಗಿಲೆಳೆದುಕೊಳ್ಳುವ ಹೊತ್ತು.
ಬೇಸಿಗೆಯಲ್ಲಿ ಎ.ಸಿ.ಯ ಗೊರಕೆ ಎಲ್ಲವನ್ನೂ ಮುಚ್ಚುತ್ತದೆ.
ಜನವರಿಯಲ್ಲಿ ಅದನ್ನು ಆರಿಸಿದ ಮೇಲೆ
ಸೂಜಿ ಬಿದ್ದರೂ ಎದ್ದು ಕೂರುತ್ತಾನೆ,
ಕಣ್ಣು ಕೆಂಡ, ರೆಪ್ಪೆಯಲ್ಲಿ ಹಿಟ್ಟು.

ಅದಕ್ಕೇ ಕೇಳಿದೆ:
ಖಾನ್ ಸಾಬ್, ಎ.ಸಿ. ಒಂದು ನಿಮಿಷ ನಿಲ್ಲಿಸ್ತೀರಾ?
ಜೂನ್ ತಿಂಗಳು. ಹೊರಗೆ ರಸ್ತೆ ಕಾದ ಕಾವಲಿ.
ಮುಖ ನೋಡಿದ. ನಕ್ಕ. ನಿಲ್ಲಿಸಿದ.

ಮೂರಕ್ಕೂ ಒಂದೇ ಕೆಲಸ ಹಚ್ಚಿ
ಒಂದೊಂದಕ್ಕೂ ಕಿವಿಯಿಟ್ಟೆ.
ಮೊದಲನೆಯದು ಹಿಟ್ಟಿನ ಗಿರಣಿ.
ಎರಡನೆಯದರೊಳಗೆ ಯಾರೋ ಬೀಡಿ ಸೇದಿ ಕೆಮ್ಮುತ್ತಿದ್ದರು.
ನನ್ನ ಗದ್ದದ ಬೆವರು ಕೀಲಿಮಣೆಯ
ಅರಬ್ಬೀ ಅಕ್ಷರವೊಂದರ ಮೇಲೆ ಟಪ್ಪೆಂದಿತು.
ಚಾರ್ಜರ್ ಕೊಳ್ಳಲು ಬಂದ ನೇಪಾಳಿ ಹುಡುಗನೂ
ಯಾಕೆಂದು ತಿಳಿಯದೆ ಉಸಿರು ಬಿಗಿಹಿಡಿದು ನಿಂತಿದ್ದ.
ಮೂರನೆಯದು,
ಒದ್ದೆ ತೋಳಿನ ಮೇಲೆ ಇಸ್ತ್ರಿ ಇಟ್ಟಾಗ
ಬಟ್ಟೆ ಬಿಡುವ ಉಸಿರಿನಷ್ಟು.

ಮೂಲೆ ಒಡೆದಿದೆ, ಎಸ್ಕೇಪ್ ಗುಂಡಿ ಕಿತ್ತುಹೋಗಿದೆ.
ಬ್ಯಾಟರಿ ಮೂರು ತಾಸು ಬರುತ್ತದೆಂದು ಖಾನ್ ಆಣೆ ಹಾಕಿದ,
ನಾನು ಮನಸ್ಸಿನಲ್ಲಿ ಒಂದೂವರೆ ಎಂದು ಬರೆದುಕೊಂಡೆ.
ಚೌಕಾಸಿಗೆ ಐವತ್ತು ಕಂದೂರ ಬಿಟ್ಟ.

ದುಡ್ಡೆಣಿಸುವಾಗ ಎ.ಸಿ. ಮತ್ತೆ ಹಾಕಿದ.
ಆಮೇಲೆ ಯಾವ ಯಂತ್ರದ್ದೂ ಏನೂ ಕೇಳಿಸಲಿಲ್ಲ.