ಕೋರಂ

ಸೆಕೊಂಡಿಯ ಬಂದರು ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ,
ನಮ್ಮ ಎಂಜಿನಿಯರುಗಳ ಸಂಘ.
ಬೋರ್ಡಿನ ಎರಡು ಅಕ್ಷರ ಉಪ್ಪುಗಾಳಿ ತಿಂದಿದೆ.
ತುಕ್ಕು ತಡೆಯುವುದು ಹೇಗೆಂದು
ಅದೇ ಬೋರ್ಡಿನ ಹಿಂದೆ ಕೂತು ನಾಲ್ಕು ಉಪನ್ಯಾಸ ಕೇಳಿದ್ದೇವೆ.

ತಿಂಗಳ ಎರಡನೇ ಗುರುವಾರ, ಸಂಜೆ ಆರಕ್ಕೆ.
ಕಾರ್ಯದರ್ಶಿ ನಾನು, ಎಕೊ ಬೈಡೂ,
ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಹಳಿ ಅಳೆದವನು.
ಎಕೊ ಎಂದರೆ ನಮ್ಮಲ್ಲಿ ಗುರುವಾರ ಹುಟ್ಟಿದವನು;
ಹಾಗಾಗಿಯೇ ಈ ಗುರುವಾರಗಳು ನನ್ನ ಕೊರಳಿಗೆ ಬಿದ್ದವೋ ಏನೋ.
ಕುರ್ಚಿ ಒರೆಸುತ್ತೇನೆ, ಹುರಿದ ಮೀನು ತರಿಸುತ್ತೇನೆ,
ಬಂದವರ ತಲೆ ಎಣಿಸುತ್ತೇನೆ.
ಏಳಾದರೆ ಸಭೆ.
ಆರಾದರೆ ಬರೀ ಹರಟೆ.

ಹೆಂಡತಿ ಕೇಳುತ್ತಾಳೆ: ಏನು ಮಾಡುತ್ತೀರಿ ಅಲ್ಲಿ ಕೂತು?
ನಿಜ ಹೇಳಬೇಕೆಂದರೆ, ಬಹಳ ಸಲ ಏನೂ ಇಲ್ಲ.
ಸಿಮೆಂಟಿನ ಬೆಲೆಯನ್ನು ಬೈಯುತ್ತೇವೆ,
ದೀಪ ಹೋದರೆ ವಿದ್ಯುತ್ ಇಲಾಖೆಯ ಕ್ವೇಸಿಯನ್ನು ಬೈಯುತ್ತೇವೆ,
ತೀರಿಹೋದವರಿಗಾಗಿ ಒಂದು ನಿಮಿಷ ಎದ್ದು ನಿಲ್ಲುತ್ತೇವೆ.
ನಮ್ಮಲ್ಲಿ ಒಂದು ನಿಮಿಷ ಎಂದರೆ ಅರವತ್ತೇ ಸೆಕೆಂಡು,
ಯಾರೋ ಒಬ್ಬರು ಗಡಿಯಾರ ನೋಡುತ್ತಲೇ ಇರುತ್ತಾರೆ.

ಆ ಗುರುವಾರ ಆರು ಜನ.
ಗೋಡೆಯ ಪಕ್ಕ ಅರಾಬಾ ಎಸ್ಸಿಲ್ಫೀ,
ಇಪ್ಪತ್ತಾರರ ಹುಡುಗಿ, ತೊಡೆಯ ಮೇಲೆ ಸುತ್ತಿದ ನಕ್ಷೆ.
ಶಾಲೆಯೊಂದರ ನೀರಿನ ಟ್ಯಾಂಕು, ನಾಲ್ಕು ಕಾಲು.
ಕಂತ್ರಾಟುದಾರ ಕಾಲುಗಳನ್ನು ತೆಳ್ಳಗೆ ಮಾಡಿದ್ದ.
ಸೋಮವಾರ ಇವಳು ಸಹಿ ಹಾಕಲಿಲ್ಲ,
ಮಂಗಳವಾರ ಇವಳಿಗೆ ಕೆಲಸವಿರಲಿಲ್ಲ.
ಅರಾಬಾ ಎಂದರೆ ಮಂಗಳವಾರ ಹುಟ್ಟಿದವಳು.

ಸಂಘ ಬರೆದರೆ ಜಿಲ್ಲಾ ಕಚೇರಿ ಓದಲೇಬೇಕು.
ಬರೆಯಲು ಠರಾವು ಬೇಕು, ಠರಾವಿಗೆ ಏಳು ತಲೆ.
ಏಳನೆಯದು ಎದುರಿಗೇ ಕೂತಿತ್ತು,
ಎಣಿಸುವಂತಿರಲಿಲ್ಲ; ಇನ್ನೂ ಚಂದಾ ಕಟ್ಟಿಲ್ಲ ಅವಳು.
ಖಜಾಂಚಿ ಬರಬೇಕಿತ್ತು.
ಕಂತ್ರಾಟುದಾರನ ಭಾವಮೈದುನ ಆತ, ಅಂದು ತಲೆನೋವಂತೆ.
ಇದನ್ನು ನಾನು ನಡಾವಳಿಯಲ್ಲಿ ಬರೆದಿಲ್ಲ.

ಆರೂವರೆ. ಮೀನು ಆರಿತು.
ಆಗ ಕೆಳಗೆ, ಮೆಟ್ಟಿಲ ಮೇಲೆ, ಕೋಲಿನ ಸದ್ದು.
ಟಕ್.
ಬಹಳ ಹೊತ್ತು ಏನೂ ಇಲ್ಲ.
ಟಕ್.
ಎದ್ದು ಹೋಗಿ ಕೈಹಿಡಿಯುವಂತಿಲ್ಲ, ಬೈಸಿಕೊಳ್ಳಬೇಕಾಗುತ್ತದೆ.
ಹತ್ತೊಂಬತ್ತು ಮೆಟ್ಟಿಲು, ಎಲ್ಲರೂ ಒಳಗೊಳಗೇ ಎಣಿಸಿದೆವು.
ಹನ್ನೆರಡರಲ್ಲಿ ಸದ್ದು ನಿಂತಾಗ
ನಮ್ಮ ಉಸಿರೂ ಅಲ್ಲೇ ನಿಂತಿತ್ತು.

ಎಬೆನೆಜರ್ ಕ್ವಾನ್ಸಾ. ಎಂಬತ್ತನಾಲ್ಕು.
ಕೂತರು. ನೀರು ಕುಡಿದರು.
‘ಏಳಾಯಿತು’ ಎಂದು ನಾನು ಪೆನ್ನು ಬಿಚ್ಚಿದೆ.
‘ಕೈ ಎತ್ತಲಿಕ್ಕೆ ಇಷ್ಟು ಹತ್ತಿ ಬರಲಿಲ್ಲ ನಾನು.
ಲೆಕ್ಕ ಎಲ್ಲಿ? ತಾ ಮಗು.’

ಮುಕ್ಕಾಲು ಗಂಟೆ.
ಪೆನ್ಸಿಲು ಪುಟದಲ್ಲಿ ಇಳಿಯುತ್ತಿತ್ತು, ಮತ್ತೆ ಹತ್ತುತ್ತಿತ್ತು.
ದೀಪ ಹೋಯಿತು. ಕ್ವೇಸಿಯನ್ನು ಯಾರೂ ಬೈಯಲಿಲ್ಲ.
ಐದು ಮೊಬೈಲುಗಳ ಬೆಳಕು ಹಾಳೆಯ ಮೇಲೆ ಬಾಗಿತು.
ಮೂರನೇ ಪುಟ, ಪೆನ್ಸಿಲು ನಿಂತಿತು.
‘ಗಾಳಿಯನ್ನು ಎರಡು ಸಲ ಕೂಡಿದ್ದೀಯೆ.’

ಅರಾಬಾ ಕುರ್ಚಿಯ ಅಂಚು ಹಿಡಿದಳು.

ಒಂದನ್ನು ಹೊಡೆದುಹಾಕಿ, ಮತ್ತೆ ಮೊದಲಿನಿಂದ,
ಸಾಲು ಸಾಲು, ದಶಕ ಕೈಯಲ್ಲಿ ಹಿಡಿದು.
ಗಾಳಿ ಒಂದೇ ಸಲ ಬೀಸಿದರೂ
ಆ ಕಾಲುಗಳು ತಾಳುವುದಿಲ್ಲ.

‘ಬರಿ’ ಎಂದರು ನನಗೆ. ‘ಅವಳ ತಪ್ಪನ್ನೂ ಬರಿ, ಅದನ್ನೇ ಮೊದಲು.
ನಾವೇ ಹೇಳಿಬಿಟ್ಟರೆ ಅವರಿಗೆ ಹುಡುಕಲು ಏನೂ ಉಳಿಯುವುದಿಲ್ಲ.’
ಆಮೇಲೆ, ಪೆನ್ಸಿಲನ್ನು ಜೇಬಿಗೆ ಸಿಕ್ಕಿಸುತ್ತ, ಯಾರನ್ನೂ ನೋಡದೆ:
‘ಅರವತ್ತೆಂಟರಲ್ಲಿ ಒಂದು ಗೋದಾಮಿಗೆ ನಾನು ಸಹಿ ಹಾಕಿದೆ.
ಆಗ ಊರಲ್ಲಿ ಹೀಗೆ ಹತ್ತಿ ಬರಲು ಒಂದು ಮಹಡಿ ಇರಲಿಲ್ಲ.’
ಯಾವ ಗೋದಾಮು ಎಂದು ಹೇಳಲಿಲ್ಲ.
ನಾವು ಕೇಳಲಿಲ್ಲ.

ಹಾಜರು: ಏಳು. ಠರಾವು: ಸರ್ವಾನುಮತ. ಹೀಗೆಂದು ಬರೆದೆ.

ಪತ್ರಕ್ಕೆ ಇನ್ನೂ ಉತ್ತರವಿಲ್ಲ.
ಟ್ಯಾಂಕಿಗೆ ಇನ್ನೂ ನೀರು ತುಂಬಿಲ್ಲ.
ಮಕ್ಕಳು ಬಕೆಟು ಹೊರುತ್ತಿದ್ದಾರೆ,
ತಾಯಂದಿರು ನಮಗೆ ಶಾಪ ಹಾಕುತ್ತಾರಂತೆ; ಹಾಕಲಿ, ನ್ಯಾಯವೇ.
ಗಾಳಿಯ ದಿನಗಳಲ್ಲಿ ಆ ದಾರಿಯಲ್ಲಿ ಹೋಗಿ ನೋಡುತ್ತೇನೆ:
ಖಾಲಿ ಟ್ಯಾಂಕು ಸುಮ್ಮನೆ ನಿಂತಿದೆ.
ಹೆಂಡತಿ ಕೇಳಿದರೆ ಅದನ್ನೇ ತೋರಿಸಬೇಕು.

ಅಂದು ಇಳಿಯುವಾಗ ಮಾತ್ರ
ಮುದುಕರು ಅರಾಬಾಳ ತೋಳು ಹಿಡಿದರು.
ಇಳಿಯುವುದರ ಲೆಕ್ಕ ಬೇರೆ, ಎಂದರು.