ಕೈ ಎತ್ತಿ ನಿಂತವನು

ದಿನವಿಡೀ ಕೊಶಿತ್ಸೆಯ ಬೀದಿಗಳಲ್ಲಿ ಬಸ್ಸು ಓಡಿಸಿ
ಮನೆಗೆ ಬಂದು, ಕೈಕಾಲು ತೊಳೆದು,
ಎಲೆಕೋಸಿನ ಸಾರು ಎರಡು ಬಟ್ಟಲು ಕುಡಿದು
ನನ್ನ ಗಂಡ ಮತ್ತೆ ಬಸ್ಸು ಓಡಿಸಲು ಕೂರುತ್ತಾನೆ.

ನಗಬೇಡಿ.
ಇದು ಬೇರೆ ಬಸ್ಸು.
ಹಗಲಿನದು ವಿದ್ಯುತ್ತಿನದು, ಸದ್ದಿಲ್ಲ, ನಾತವಿಲ್ಲ,
ತುಸು ಜೋರಾಗಿ ತಿರುಗಿಸಿದರೆ ಟೀಚರಮ್ಮನಂತೆ ಗದರುತ್ತದೆ.
ರಾತ್ರಿಯದು ಕೆಂಪು ಕಾರೋಸಾ,
ನಡು ಮಡಚುವ ಉದ್ದದ್ದು, ಗೇರು ಬದಲಿಸಿದರೆ
ಮುದುಕನ ಮಂಡಿಯಂತೆ ಲಟಲಟ ಅನ್ನುವುದು.
ಗುಜರಿಗೆ ಹೋಗಿ ಹದಿನೇಳು ವರ್ಷವಾಯಿತು.

ಅದನ್ನು ಮತ್ತೆ ಕಟ್ಟಿದವಳು ಝ್ಲಾಟಿತ್ಸಾ,
ತ್ರೆನ್ಚೀನಿನ ಹುಡುಗಿ, ಹತ್ತೊಂಬತ್ತು ವಯಸ್ಸು,
ಆ ಬಸ್ಸನ್ನು ಒಮ್ಮೆಯೂ ಹತ್ತಿದವಳಲ್ಲ.
ತೊಂಬತ್ತೊಂಬತ್ತರ ಒಂದು ರೇಸಿನ ಆಟವನ್ನು
ಹಳೇ ಕೋಟಿನ ಹಾಗೆ ಹೊಲಿಗೆ ಬಿಚ್ಚಿ
ಹಸಿರು ಸ್ಪೋರ್ಟ್ಸ್ ಕಾರು ಇದ್ದ ಜಾಗಕ್ಕೆ
ಹದಿನೇಳು ಮೀಟರು ಕೆಂಪನ್ನು ತುರುಕಿದ್ದಾಳೆ.
ದುಡ್ಡಿಲ್ಲ, ಕಾಸಿಲ್ಲ. ಯಾಕಮ್ಮಾ ಅಂದರೆ
"ಚೆನ್ನಾಗಿದೆಯಲ್ಲ" ಅಂದಳಂತೆ, ಅಷ್ಟೇ.

ಎಲ್ಲ ಸಿಕ್ಕಿತ್ತು ಅವಳಿಗೆ: ಫೋಟೋ, ಅಳತೆ, ಸೀಟಿನ ಕಂದು ಬಣ್ಣ.
ಬಾಗಿಲಿನ ಸದ್ದೊಂದು ಸಿಕ್ಕಿರಲಿಲ್ಲ.
ಬೋಹುಶ್ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ,
ಫೋನನ್ನು ಬಾಯಿಗೆ ಹಿಡಿದ:
ಪ್ಸ್ಸ್ಸ್ಸ್... ಕಟಕ್... ಢಬ್.
ನಲವತ್ತು ಸಲ. ಹೊರಗೆ ನಾನು
ಡಾಕ್ಟರನ್ನು ಕರೆಯಲೋ ಬೇಡವೋ ಅಂತ ನಿಂತಿದ್ದೆ.
ಈಗ ಆ ಆಟ ಆಡುವ
ಇನ್ನೂರ ಹನ್ನೊಂದು ಮಂದಿಗೆ, ಅವರೆಲ್ಲೇ ಇರಲಿ,
ಬಾಗಿಲು ತೆರೆಯುವುದು ನನ್ನ ಗಂಡನ ಉಸಿರು.

ನನಗೇನು ಸಂಬಂಧ ಅಂದುಕೊಂಡಿದ್ದೆ.
ಆ ರಾತ್ರಿ ಹಲುಶ್ಕಿಗೆ ಹಿಟ್ಟು ಕಲಸುತ್ತಿದ್ದೆ,
ಒಳಗಿಂದ ಹಾರ್ನು ಬಂತು.
ಕಾರೋಸಾದ್ದಲ್ಲ. ಹುಡುಗಿ ಬದಲಿಸಲು ಮರೆತಿದ್ದ
ಹಸಿರು ಕಾರಿನ ಹಾರ್ನು:
ನೆಗಡಿಯಾದ ಬಾತುಕೋಳಿ.
ಕಾಲು ತಾನಾಗಿ ಓಡಿತು.

ಅಣ್ಣ ಇಮ್ರೊನ ಕೋಣೆ. ಏಳು ಮಹಡಿಗೆ ಒಂದೇ ಕಂಪ್ಯೂಟರ್,
ನೀಲಿ ಪೆನ್ನಲ್ಲಿ ಹೆಸರು ಗೀಚಿದ ನಕಲು ಸೀಡಿ,
ಒಂದು ಕೀಲಿಮಣೆಗೆ ನಾಲ್ಕು ಮಕ್ಕಳು.
ಎಡ ಅಣ್ಣನದು, ಬಲ ಅವನ ಗೆಳೆಯನದು,
ವೇಗ ಪಕ್ಕದ ಮನೆಯ ದ್ಯುಲಾನದು,
ಬ್ರೇಕು ಯಾರಿಗೂ ಬೇಡ.
ಕಿರಿಯವಳಿಗೆ ಹಾರ್ನು.
ಗೆಲ್ಲುವುದಕ್ಕೂ ಸೋಲುವುದಕ್ಕೂ ಬಾರದ ಕೀಲಿ,
ಬೆರಳು ಕೆಂಪಾಗುವವರೆಗೆ ಒತ್ತಿದ್ದೇನೆ ಅದನ್ನು.

"ಸರಿ ಆ ಕಡೆ," ಅಂದೆ.
ಹಿಟ್ಟಿನ ಬೆರಳಲ್ಲೇ ಒತ್ತಿದೆ. ಬಾತುಕೋಳಿ ಕೂಗಿತು.

ಹೊರಟೆವು. ಹಿಂದಿನ ಚಕ್ರ ರಸ್ತೆಯಿಂದ ಗೇಣು ಮೇಲೆ ತೇಲುತ್ತದೆ,
ತಿರುವಿನಲ್ಲಿ ಬಸ್ಸಿನ ಬಾಲ
ದೀಪದ ಕಂಬದೊಳಗಿಂದಲೇ ಹಾದು ಬರುತ್ತದೆ,
ಕಂಬಕ್ಕೂ ಬೇಜಾರಿಲ್ಲ, ಬಸ್ಸಿಗೂ ಇಲ್ಲ.
ಎಂಟು ಕಾರು ಮುಂದೆ. ನಾವು ಒಂಬತ್ತನೆಯವರು.
ಹೊಟ್ಟೆ ಹಿಡಿದುಕೊಂಡು ನಕ್ಕೆ,
ನಕ್ಕು ನಕ್ಕು ಅವನ ಅಂಗಿಯೆಲ್ಲಾ ಹಿಟ್ಟು.

ಆಮೇಲೆ ಕಂಡ ಅವನು.
ಮೂರನೇ ತಿರುವು, ಬೇಲಿಯ ಹಿಂದೆ
ರಟ್ಟಿನಷ್ಟು ಚಪ್ಪಟೆ ಜನ, ಅವರ ನಡುವೆ ಹಳದಿ ಟೋಪಿ.
ಮುಖವೆಂದರೆ ನಾಲ್ಕು ಚೌಕ. ಬಲಗೈ ಮೇಲೆ.
ನಮಗೇ ಜೈಕಾರ ಹಾಕುತ್ತಾನೆ
ಅಂದುಕೊಂಡಿದ್ದೆವು ಆಗ.
ಈಗ ಬಸ್ಸಿನಿಂದ ನೋಡಿದರೆ...

"ನಿಲ್ಲಿಸು," ಅಂದೆ.
"ರೇಸು ಕಣೇ."
"ನಿಲ್ಲಿಸು ಅಂದರೆ. ಇಪ್ಪತ್ತೈದು ವರ್ಷದಿಂದ
ಕೈ ಎತ್ತಿಕೊಂಡು ನಿಂತಿದ್ದಾನೆ ಪಾಪ."

ಬೋಹುಶ್ ಕನ್ನಡಿ ನೋಡಿದ, ಕನ್ನಡಿಯೇ ಇಲ್ಲದ ಕಡೆ; ಅಭ್ಯಾಸ.
ಬೇಲಿಗೆ ಒತ್ತಿ ನಿಲ್ಲಿಸಿದ.
ಪ್ಸ್ಸ್ಸ್ಸ್... ಕಟಕ್... ಢಬ್.

ನಾನು ಹಾರ್ನು ಒತ್ತಲಿಲ್ಲ.
ಅವಸರ ಮಾಡಬಾರದು, ಹತ್ತಲಿ.